ಟೀಚರ್ ಹೇಳಿದರು

ಸೆಪ್ಟೆಂಬರ್ 3, ಬೆಳಿಗ್ಗೆ 6.50

ಇತಿಹಾಸದ ಪ್ರಶ್ನೆಪತ್ರಿಕೆ ಮುಗಿಯಿತು. ನಾನು ಮಾಡಿದ್ದಲ್ಲ, ಎಐ ಮಾಡಿದ್ದು. ಒಲೆಯ ಮೇಲೆ ಹಾಲು ಉಕ್ಕುವಷ್ಟರಲ್ಲಿ ಇಪ್ಪತ್ತು ಪ್ರಶ್ನೆ, ಉತ್ತರ ಸಮೇತ. ಹೋದ ವರ್ಷ ಇದಕ್ಕೇ ಒಂದು ಭಾನುವಾರ ಹಾಳಾಗಿತ್ತು. ಇವರು ಪೇಪರಿನಿಂದ ತಲೆಯೆತ್ತಿ, "ಇನ್ನು ಸ್ಕೂಲಿಗೂ ಅದನ್ನೇ ಕಳಿಸ್ಬಿಡು, ನೀನು ಮಲ್ಕೋ" ಅಂದರು.

ಎಂಟನೇ ಬಿ ನೋಟ್ಸ್ ತಿದ್ದುವುದು ಮಾತ್ರ ಹಾಗೇ ಬಿದ್ದಿದೆ. ನಲವತ್ತೊಂದು ಪುಸ್ತಕ…

ಸೆಪ್ಟೆಂಬರ್ 4

ಮೈಯೆಲ್ಲ ಉರಿಯುತ್ತಿದೆ. ಮೂರನೇ ಬೆಂಚಿನ ಆ ಹುಡುಗಿ — ಜೂನ್‌ನಲ್ಲಿ ಬೇರೆ ಸ್ಕೂಲಿನಿಂದ ಬಂದವಳು. ಏನು ಕೇಳಿದರೂ ಮೊದಲು "ಹ್ಞಾಂ?" ಅನ್ನುತ್ತಾಳೆ. ಕ್ಲಾಸಿನವರು ಅವಳಿಗೆ ಹ್ಞಾಂ ಅಂತಲೇ ಹೆಸರಿಟ್ಟಿದ್ದಾರೆ. ಅವಳ ಪುಸ್ತಕದಲ್ಲಿ ಪುಟಪುಟಕ್ಕೂ "ಟೀಚರ್ ಹೇಳಿದರು", "ಟೀಚರ್ ಹೇಳಿದರು". ನಾನು ಹೇಳಿದ್ದು ಒಂದೂ ಇಲ್ಲ! ಕಾಲುವೆ, ಕಂದಾಯದ ಪಾಠ ಮಾಡಿದ ದಿನ ಬರೆದಿದ್ದಾಳೆ — "ಟೀಚರ್ ಹೇಳಿದರು: ಯುದ್ಧಕ್ಕೆ ಹೊರಡುವ ಮೊದಲು ರಾಜ ತಾಯಿಯ ಕೈ ಹಿಡಿದು ಅತ್ತ." ಯಾವ ರಾಜ? ಯಾವ ತಾಯಿ? ಸ್ಕೂಲಿನಿಂದ ಒಬ್ಬೊಬ್ಬರಿಗೂ ಕೊಟ್ಟ ಟ್ಯಾಬ್‌ನಲ್ಲಿರುವ ಎಐ ಕೈಲಿ ಬರೆಸಿಕೊಂಡು, ಮೇಲೆ ನನ್ನ ಹೆಸರು ಬೇರೆ.

ನಿಲ್ಲಿಸಿ ಕೇಳಿದೆ. "ಇದನ್ನೆಲ್ಲ ನಾನು ಯಾವಾಗ ಹೇಳಿದೆ?"

"ಹ್ಞಾಂ?"

ಕ್ಲಾಸ್ ಗೊಳ್ಳೆಂದಿತು. "ಏನು, ಕಿವಿ ಕೇಳಿಸಲ್ವಾ?" ಅಂದೆ. ನನ್ನ ಬಾಯನ್ನೇ ದಿಟ್ಟಿಸಿ ನಿಂತಳು. ಎಂಥ ಕೊಬ್ಬು! ಸೊನ್ನೆ ಹಾಕಿದೆ. ನಾಳೆ ಅಮ್ಮನನ್ನು ಕರೆದುಕೊಂಡು ಬರಬೇಕು.

ಸೆಪ್ಟೆಂಬರ್ 5

ಅಮ್ಮ ಬಂದಿದ್ದರು. ಬೇಕರಿಯಲ್ಲಿ ಕೆಲಸ, ತೋಳಿನ ಮೇಲೆ ಮೈದಾ ಹಾಗೇ ಇತ್ತು. "ಮನೇಲೂ ಇದೇ ಮೇಡಂ. ಹತ್ತು ಸಲ ಕರೆದ್ರೂ ಓ ಅನ್ನಲ್ಲ. ನೀವೇ ಬುದ್ಧಿ ಹೇಳಿ."

ಅವಳಿಂದ ಟ್ಯಾಬ್ ವಾಪಸ್ ತೆಗೆದುಕೊಂಡೆ. ನಾಲ್ಕು ವಾರ ಇಲ್ಲ. ಎರಡೂ ಕೈಯಲ್ಲಿ ಅವುಚಿ ಹಿಡಿದಿದ್ದಳು, ಬೆರಳು ಬಿಡಿಸಬೇಕಾಯಿತು. ಹೆಡ್ ಮೇಡಂ, "ಒಳ್ಳೇದಾಯ್ತು, ಉಳಿದವರಿಗೂ ಬಿಸಿ ಮುಟ್ಟುತ್ತೆ" ಅಂದರು.

ಸೆಪ್ಟೆಂಬರ್ 16, ಮಧ್ಯಾಹ್ನ

ಇದನ್ನು ಬರೆಯಲೇಬೇಕು.

ಕಂಪ್ಯೂಟರ್ ಮೇಷ್ಟ್ರು ಸ್ಟಾಫ್‌ರೂಮಿಗೆ ಆ ಟ್ಯಾಬ್ ಹಿಡಿದು ಬಂದರು. "ಏನೇನು ಕಾಪಿ ಹೊಡೆದಿದ್ದಾಳೆ ನೋಡೋಣ ಅಂತ ತೆಗೆದೆ. ಮೇಡಂ… ನೀವು ಕೂತ್ಕೊಂಡು ಓದಿ."

ಮಕ್ಕಳು ಎಐಗೆ ಕೇಳಿದ್ದನ್ನು ವಾರಕ್ಕೊಮ್ಮೆ ನೋಡಬೇಕು ಅಂತ ನಮಗೆ ಹೇಳಿದ್ದರು. ಒಂದು ಸಲವೂ ತೆರೆದಿರಲಿಲ್ಲ ನಾನು.

ಜೂನ್ 24. ಅವಳು: "ಟೀಚರ್ ಬೋರ್ಡ್ ಕಡೆ ತಿರುಗಿದ್ರೆ ನಂಗೆ ಏನೂ ಕೇಳಿಸಲ್ಲ. ಬಾಯಿ ಕಂಡ್ರೆ ಸ್ವಲ್ಪ ಗೊತ್ತಾಗುತ್ತೆ. ಈಗ ಏನು ಹೇಳಿರಬಹುದು?"

ಅದು: "ನಾನು ನಿಮ್ಮ ತರಗತಿಯಲ್ಲಿಲ್ಲ. ಆದರೆ ಹೀಗೆ ಹೇಳಿರಬಹುದು…"

ದಿನಾ ಹೀಗೇ. ಹೇಳಿರಬಹುದು, ಹೇಳಿರಬಹುದು. ಅವಳು ಅದನ್ನು "ಹೇಳಿದರು" ಎಂದು ಬರೆದುಕೊಂಡಿದ್ದಾಳೆ. ಕಾಪಿ ಅಲ್ಲ. ನನ್ನ ಪಾಠವನ್ನು ಹುಡುಕುತ್ತಿದ್ದಳು.

"ನಿಮ್ಮ ಶಿಕ್ಷಕರಿಗೆ ತಿಳಿಸಿ" ಎಂದು ಅದು ಹೇಳಿದೆ. ಎಣಿಸಿದೆ, ಹದಿನಾಲ್ಕು ಸಲ. ಜುಲೈ 9ರಂದು ಅವಳ ಉತ್ತರ: "ಹೇಳಿದೆ. ನೆಪ ಹೇಳ್ಬೇಡ ಅಂದ್ರು."

ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು.

ಅದೇ ದಿನ, ಸಂಜೆ

ನನ್ನ ಈ ಡೈರಿಯಲ್ಲೇ ಜುಲೈ 9ರ ಪುಟ ತೆಗೆದೆ. "ಮೀಟಿಂಗ್ ಎರಡು ಗಂಟೆ. ಎಂಟನೇ ಬಿ ಗಲಾಟೆ. ತಲೆನೋವು." ಅಷ್ಟೇ. ಒಂದು ಮಗು ಬಂದು ನನಗೆ ಕಿವಿ ಕೇಳಿಸುವುದಿಲ್ಲ ಅಂದಿದೆ. ನನಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಇಲ್ಲ. ಸುಳ್ಳು ಬರೆದಿದ್ದಾಳೇನೋ ಅಂತ ಒಂದು ಕ್ಷಣ ಅನ್ನಿಸಿತು. ಛೀ. ಅವಳ ಮುಂದೆ ತಿಂಗಳುಗಟ್ಟಲೆ ಬೆನ್ನು ತಿರುಗಿಸಿ ಮಾತಾಡಿದವಳು ನಾನು.

ಟ್ಯಾಬ್ ಇಲ್ಲದೆ ಹನ್ನೊಂದು ದಿನ. ಅಲ್ಲಿ ಕೂತು ಏನು ಮಾಡಿದಳು?



ಸೆಪ್ಟೆಂಬರ್ 17

ಬೇಕರಿಗೆ ನಾನೇ ಹೋದೆ. ಅಮ್ಮ ಒಳಗೆ ಬಿಸ್ಕತ್ತಿನ ತಟ್ಟೆ ಜೋಡಿಸುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕೈಲಿದ್ದ ತಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ —

"ಅವತ್ತು ಅವರಪ್ಪ ಕೆನ್ನೆಗೆ ಎರಡು ಬಾರಿಸಿದ್ರು ಮೇಡಂ. ನಾನು ತಡೀಲಿಲ್ಲ. ಟೀಚರ್ ಹೇಳಿದ್ರಲ್ಲ ಅಂತ."

ನನ್ನ ಕೆನ್ನೆಗೇ ಬಿದ್ದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 25

ಕಿವಿ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಹೋದ ವರ್ಷ ಜ್ವರ ಬಂದು ಮಲಗಿದ್ದಳಂತೆ, ಆಗಲೇ ಶುರುವಾಗಿರಬೇಕು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ, ಮಷೀನ್ ಹಾಕಿದರೆ ನಡೆಯುತ್ತದೆ.

"ಜುಲೈನಲ್ಲೇ ಬಂದಿದ್ರೆ?" ಅಂತ ಕೇಳಿದೆ.

ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು. "ಈಗ ಬಂದಿದ್ದೀರಲ್ಲ" ಅಂದರು. ಅದು ನನಗೆ ಸಾಕಾಯಿತು. ಸಾಕಾಗಲಿಲ್ಲ.

ಅಕ್ಟೋಬರ್ 14

ಮಷೀನ್ ಹಾಕಿಕೊಂಡು ಬಂದಳು. ಕೂದಲು ಮುಂದೆ ಎಳೆದು ಮುಚ್ಚಿಕೊಂಡಿದ್ದಳು. ಬೋರ್ಡಿನ ಕಡೆ ತಿರುಗದೆ, ಇಡೀ ಕ್ಲಾಸಿನ ಎದುರು ಹೇಳಿದೆ. ತಪ್ಪು ಅವಳದ್ದಲ್ಲ, ನನ್ನದು. ಅವಳು ಬಂದು ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಷಮಿಸಬೇಕು. ಅವಳಿಗೆ ಕೇಳಿಸಲಿ ಅಂತ ಕೂಗಿಕೊಂಡೇ ಹೇಳಿದೆ.

ಅವಳು ಎದ್ದು ನಿಂತಳು. "ಟೀಚರ್, ಅಷ್ಟು ಜೋರಾಗಿ ಹೇಳ್ಬೇಡಿ. ಈಗ ಕೇಳಿಸುತ್ತೆ."

ಅವಳೇ ಮೊದಲು ನಕ್ಕಳು. ಆಮೇಲೆ ಉಳಿದವರು.

ಅಕ್ಟೋಬರ್ 15, ನಾಲ್ಕನೇ ಪೀರಿಯಡ್

ಬಿಡುವು. ಸ್ಟಾಫ್‌ರೂಮಿನಲ್ಲಿ ಒಬ್ಬಳೇ. ಉಳಿದ ನಲವತ್ತು ಮಕ್ಕಳು ಎಐಗೆ ಕೇಳಿದ್ದನ್ನೂ ಓದಿ ಮುಗಿಸಬೇಕು ಅಂತ ಕೂತಿದ್ದೆ. ಇನ್ನೂ ಒಂದನ್ನೂ ತೆರೆದಿಲ್ಲ. ಹೆದರಿಕೆ.

ಬಾಗಿಲಲ್ಲಿ ಎಂಟನೇ ಬಿಯ ಲೀಡರ್. ಕ್ಲಾಸಿಗೇ ಮೊದಲು, ಯಾವ ತಕರಾರೂ ಇಲ್ಲದವಳು. ಅವಳ ಹಿಂದೆ ಇನ್ನೂ ಇಬ್ಬರು, ಗೋಡೆಗೆ ಒರಗಿ.

"ಟೀಚರ್, ಟೈಮ್ ಇದೆಯಾ? ಇಷ್ಟು ದಿನ ಟ್ಯಾಬ್‌ಗೆ ಮಾತ್ರ ಹೇಳ್ತಿದ್ದೆ… ನಿಮಗೆ ಹೇಳ್ಬಹುದಾ?"

ತುಟಿ ಅದುರುತ್ತಿದೆ ಅವಳದ್ದು. ಇವಳಿಗೇನಾಗಿದೆ? ಇವಳಿಗೂ —

ಕುರ್ಚಿ ಎಳೆದು ಕೊಟ್ಟೆ. ಮೊದಲು ನಾನು ಈ ಪೆನ್ನು ಕೆಳಗಿಡಬೇ—