ಗಡಿ ಪ್ರಾಂತ್ಯದ ಸಾಮಂತಳಿಗೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನೀನೂ ಕೂಸೂ ಆರೋಗ್ಯವಾಗಿದ್ದೀರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದರು. ಮೊಮ್ಮಗಳ ಹಣೆ ನನ್ನದರಂತೆ ಅಗಲವಂತೆ, ಪಾಪ. ಕನ್ನಡಕದ ಅಂಗಡಿಗೆ ಇವತ್ತು ರಜೆ. ಗಾಜು ಉಜ್ಜುವ ಯಂತ್ರ ಸುಮ್ಮನಿದೆ, ತಲೆ ಸುಮ್ಮನಿಲ್ಲ.

ನಿನಗೊಂದು ಕೃತಜ್ಞತೆ ಹೇಳುವುದಿದೆ. ಎದುರಿಗೆ ಹೇಳಿದರೆ ನಗುತ್ತೀಯ, ಅದಕ್ಕೇ ಕಾಗದ.

ಹೆರಿಗೆಗೆ ಹೋಗುವ ಮುಂಚೆ ಊಟದ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟು, ರಾಜ್ಯವಾಳುವ ಆಟದಲ್ಲಿ ನನ್ನನ್ನು ರಾಜನನ್ನಾಗಿ ಮಾಡಿ, ನೀನು ನನ್ನ ಸಾಮಂತಳಾದೆ. ಕೋಟೆ, ಕಂದಾಯ, ಸೈನ್ಯ ಎಲ್ಲ ಕಲಿಸಿದೆ. ಆದರೆ ರಾಜ್ಯವೆಲ್ಲ ಒಂದೇ ಮತವಾದರೆ ಸಿಂಹಾಸನ ಅಲುಗದು ಎಂದು ಆ ಆಟದ ರಾಜಗುರು ಹೇಳಿದಾಗ ನಾನು ನಂಬಿಬಿಟ್ಟೆ. ಬೇರೆ ಮತದ ಪ್ರಾಂತ್ಯ ಇದ್ದದ್ದು ಒಂದೇ, ಗಡಿಯಲ್ಲಿ, ನಿನ್ನದು. ಅಲ್ಲಿಗೆ ಪ್ರಚಾರಕರನ್ನು ಕಳಿಸುವ ಗುಂಡಿ ಒತ್ತಿದೆ. ಈ ಮನೆಯಲ್ಲೂ ಬೇರೆ ಮತದವಳು ನೀನೊಬ್ಬಳೇ ಎಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ.

"ಒತ್ತೋ ಮುಂಚೆ ಒಂದ್ಸಲ ಈ ಕಡೆ ತಿರುಗಿ ನೋಡ್ಬಾರ್ದಿತ್ತಾ ಮಾವ?" ಎಂದು ನೀನು ಕೇಳಿದೆ. ಆಟ ತಾನೇ ಎಂದು ನಾನಂದೆ. "ಹೂಂ, ಆಟಾನೇ" ಎಂದು ನೀನು ನಿನ್ನ ಪರದೆಗೆ ಮರಳಿದೆ.

ನಿನ್ನ ನಿಷ್ಠೆಯ ಅಂಕಿ ಇಳಿದು ಕೆಂಪಾಯಿತು. ಮುಂದೆ ನೆರೆಯ ರಾಜ ದಂಡೆತ್ತಿ ಬಂದಾಗ ನನ್ನದೇ ಮತದ ಸಾಮಂತರು, ಗುರುವಿನ ಆಶೀರ್ವಾದ ಪಡೆದ ಮಹನೀಯರು, ಒಬ್ಬೊಬ್ಬರಾಗಿ ಅವನ ಪಾಳೆಯ ಸೇರಿದರು. ಕಣಿವೆಯಲ್ಲಿ ನನಗಾಗಿ ಬಂದ ಬಾವುಟ ನಿನ್ನದೊಂದೇ. ಕೆಂಪು ಅಂಕಿ ಇಟ್ಟುಕೊಂಡು ಯಾಕೆ ಬಂದೆ ಎಂದು ಕೇಳಿದೆ. "ಅಂಕಿ ಆಟದ್ದು, ಸೈನ್ಯ ನಂದು. ಅಲ್ದೆ ನೀವು ಸತ್ರೆ ಪಾತ್ರೆ ಯಾರು ತೊಳೀತಾರೆ?" ಎಂದೆ ನೀನು.

ಪ್ರಚಾರಕರನ್ನು ಅಂದೇ ವಾಪಸ್ ಕರೆಸಿಕೊಂಡೆ.

ಈಗ ಮೇಜಿನಾಚೆಯ ಮಾತು. ಮಗು ನಮ್ಮ ಮತದಲ್ಲೇ ಬೆಳೆಯುವುದಾದರೆ ಮಾತ್ರ ಬಾ ಎಂದು ನಿಮ್ಮತ್ತೆ ನಿನಗೆ ಹೇಳಿದ್ದು, ಒಪ್ಪದೆ ನೀನು ತಾಯಿಯ ಮನೆಯಲ್ಲೇ ಉಳಿದದ್ದು ನನಗೆ ಗೊತ್ತು. ನಿನ್ನ ಗಂಡ ಅತ್ತ ದರಿ ಇತ್ತ ಪುಲಿ ಎಂಬಂತೆ ತಲೆ ತಗ್ಗಿಸಿಕೊಂಡೇ ಓಡಾಡುತ್ತಿದ್ದ. ನಾನೂ ನಿಮ್ಮತ್ತೆಯ ಮಾತಿಗೆ ಹೂಂಗುಟ್ಟಿಕೊಂಡೇ ಬಂದವನು. ನಿನ್ನೆ ತಿಂಡಿಯ ಹೊತ್ತಿಗೆ ಅವಳು ಅದನ್ನೇ ಮತ್ತೆ ಎತ್ತಿದಳು. ಹೂಂ ಅನ್ನುವ ಮೊದಲು ನಿನ್ನ ಖಾಲಿ ಕುರ್ಚಿಯ ಕಡೆ ತಿರುಗಿದೆ. ಆಮೇಲೆ ಹೇಳಿದೆ: ಈ ಮನೆಗೆ ಬರಲು ಕೂಸಿಗೆ ಷರತ್ತಿಲ್ಲ, ಅದರ ತಾಯಿಗೂ ಇಲ್ಲ. ಯಾವ ದೇವರು ಬೇಕೋ, ಬೇಡವೋ, ಬೆಳೆದ ಮೇಲೆ ಅವಳೇ ನೋಡಿಕೊಳ್ಳಲಿ.

"ಆ ಹಾಳು ಆಟ ಆಡಿ ಆಡಿ ನಿಮಗೆ ತಲೆ ಕೆಟ್ಟಿದೆ" ಎಂದಳು ನಿಮ್ಮತ್ತೆ. ಇರಬಹುದು ಎಂದೆ. "ಅಪ್ಪ ಹೇಳಿದ್ದೇ ನನ್ನ ಮಾತೂ" ಎಂದ ಮಗ. ತಡವಾಯಿತು, ಆದರೂ ಎಂದ.

ಅತ್ತೆ ಒಪ್ಪಿದಳೆಂದು ಸುಳ್ಳು ಬರೆಯಲಾರೆ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನೀನು ಬಾ. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವ ಕಸುಬು ನನ್ನದು. ಪಕ್ಕದ ಕುರ್ಚಿ ನನಗೆ ಕಾಣಿಸಿದ್ದು ನಿನ್ನಿಂದ.

ನಿನ್ನ ಋಣದಲ್ಲಿರುವ,
ಮಾವ
(ನೀನು ಕರೆಯುವಂತೆ, ಮಹಾಪ್ರಭು)

ತಾ.ಕ.: ಲಕೋಟೆ ಅಂಟಿಸುವ ಮೊದಲು ಆಟ ತೆರೆದು ನೋಡಿದೆ. ಅರಮನೆಯ ಉಗ್ರಾಣದಿಂದ ನಿನ್ನ ಪ್ರಾಂತ್ಯಕ್ಕೆ ದವಸದ ಬಂಡಿಗಳು ಹೊರಟಿವೆ. ಕಳಿಸಿದವನು ನಾನಲ್ಲ. ನಿನ್ನ ಗಂಡನಿಗೆ ಆಟ ತೆರೆಯಲೂ ಬಾರದು. ಈಗಷ್ಟೇ ನಿಮ್ಮತ್ತೆ ಅಡುಗೆಮನೆಯಿಂದ, ಗೋಡೆಯನ್ನು ಕೇಳುವವಳಂತೆ, "ಆ ಬಂಡಿಗಳು ಅಲ್ಲಿಗೆ ತಲುಪೋಕೆ ಎಷ್ಟು ದಿನ ಬೇಕಂತೆ?" ಎಂದಳು.