ರದ್ದಾದ ಶಸ್ತ್ರಚಿಕಿತ್ಸೆಯ ಕುರಿತು ಸೊಸೆಗೆ

ಎದುರು ಕೋಣೆಯಲ್ಲಿರುವ ನನ್ನ ಸೊಸೆಗೆ,

ನಮ್ಮಿಬ್ಬರ ನಡುವೆ ಇರುವುದು ಏಳು ಹೆಜ್ಜೆಯ ಪಡಸಾಲೆ. ಬೆಳಗಿನಿಂದ ನಾಲ್ಕು ಸಲ ಎದ್ದೆ, ನಾಲ್ಕು ಸಲ ಕುಳಿತೆ. ಬಾಯಿ ತೆರೆದರೆ ಮತ್ತೆ ವಾದಕ್ಕಿಳಿದೇನೆಂಬ ಭಯ. ಆದ್ದರಿಂದ ಈ ಕಾಗದ.

ಹೋದ ಭಾನುವಾರ ಊಟದ ಮೇಜಿನಲ್ಲಿ ನೀನು ವಿಷಯ ಎತ್ತಿದೆ. ಅವಳಿಗಳನ್ನು ಹೆತ್ತ ಮೇಲೆ ಹೊಟ್ಟೆಯ ಸ್ನಾಯುಗಳು ನಡುವೆ ಬೇರ್ಪಟ್ಟಿವೆ, ಸಡಿಲ ಚರ್ಮ ತೆಗೆದು ಅವನ್ನು ಕೂಡಿಸಿ ಹೊಲಿಯುತ್ತಾರೆ ಎಂದೆ. ನಾನು ಬೆರಳು ಮಡಿಸುತ್ತ ಆಕ್ಷೇಪಗಳನ್ನು ಒಡ್ಡಿದೆ. "ಕನ್ನಡಿಗೋಸ್ಕರ ಅಲ್ಲ ಮಾವ, ನನಗೆ ಕೆಮ್ಮೋಕೂ ಭಯ ಆಗುತ್ತೆ" ಎಂದೆ ನೀನು. ಐದನೆಯ ಬೆರಳು ಮಡಿಸಿ ನಾನಂದೆ: "ನನ್ನ ಮಗನೇ ಇಲ್ಲ. ಇನ್ಯಾರಿಗೆ ತೋರಿಸ್ಬೇಕು?"

"ಮಾವ ಮಾತಿಗೆ ನಿಂತ್ರೆ ಗೋಡೆನೂ ಹೌದು ಅನ್ನುತ್ತೆ" ಎಂದು ಸದಾ ರೇಗಿಸುವ ನೀನು ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅದನ್ನೇ ನಾನು ಗೆಲುವೆಂದು ಬಗೆದೆ. ಮರುದಿನ ನೀನು ಆಸ್ಪತ್ರೆಗೆ ಫೋನ್ ಮಾಡಿ ದಿನಾಂಕ ರದ್ದುಮಾಡಿದ್ದು ಕೇಳಿಸಿತು. ಅಂದಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಅರ್ಧ ಗಂಟೆ ಮೊದಲಷ್ಟೇ ಚೀಟಿಯಲ್ಲಿ ಬರುತ್ತಿತ್ತು. ಎರಡೂ ಪಕ್ಷಗಳನ್ನು ಓದದೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಅಪರಿಚಿತರ ಮುಂದೆ ಪಾಲಿಸಿದ ಆ ನಿಯಮವನ್ನು ನಿನ್ನ ಮುಂದೆ ಮುರಿದೆ.

ಬುಧವಾರ ಶಸ್ತ್ರಚಿಕಿತ್ಸಕಿಯ ಬಳಿ ನಾನೇ ಹೋದೆ. ನಿನ್ನ ವಿಷಯ ಮಾತಾಡಲು ಆಕೆ ಒಪ್ಪಲಿಲ್ಲ, ಅದು ಸರಿಯೇ. ಸಾಮಾನ್ಯ ಸಂಗತಿ ಮಾತ್ರ ಹೇಳಿದರು. "ಹೊಟ್ಟೆ ಕೈಬಿಟ್ರೆ ಅದರ ಕೆಲಸನೂ ಬೆನ್ನೇ ಮಾಡ್ಬೇಕು, ಯಜಮಾನ್ರೇ." ಸ್ನಾಯು ಹೊಲಿದರೆ ಹಲವರಿಗೆ ಬೆನ್ನುನೋವು ಇಳಿಯುತ್ತದಂತೆ, ಬಾಗಿದ ನಿಲುವು ನೆಟ್ಟಗಾಗುತ್ತದಂತೆ. ಹೊಕ್ಕುಳ ಬಳಿ ಹರ್ನಿಯಾ ಇದ್ದರೆ ಅದೇ ವೇಳೆಗೆ ಸರಿಪಡಿಸಬಹುದು. ಸೀನಿದಾಗ ಮೂತ್ರ ಜಾರುವುದು ಕೆಲವರಲ್ಲಿ ಕಡಿಮೆಯಾಗುತ್ತದೆ, ಎಲ್ಲರಲ್ಲೂ ಅಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವ ಅಪಾಯಗಳನ್ನೂ ಮುಚ್ಚಿಡಲಿಲ್ಲ. ಮೊದಲು ವ್ಯಾಯಾಮ ಮಾಡಿ ನೋಡಬೇಕೆಂದರು. ಹತ್ತು ತಿಂಗಳು ಚಾಪೆಯ ಮೇಲೆ ನೀನು ಮಾಡಿದ್ದು ಅದನ್ನೇ. ನಾನು ಪತ್ರಿಕೆ ಅಡ್ಡ ಹಿಡಿದು ಕುಳಿತಿದ್ದೆ.

ಹಿಂತಿರುಗುವಾಗ ನೀನು ಕೆಲಸ ಮಾಡುವ ಹೋಟೆಲಿನ ಲಾಂಡ್ರಿಯ ಕಿಟಕಿ ಎದುರಾಯಿತು. ಒಳಗೆ ನೀನು ಒದ್ದೆ ಹಾಸುಗಳ ಬುಟ್ಟಿ ಎತ್ತಿದ್ದೆ. ಸೀನು ಬಂತೇನೋ, ಬುಟ್ಟಿ ಇಳಿಸಿ, ಕಾಲಿಗೆ ಕಾಲು ಹೆಣೆದು, ಗೋಡೆ ಹಿಡಿದು ನಿಂತೆ. ನಾಲ್ಕು ವರ್ಷ ಮನೆಯಲ್ಲಿ ಅದನ್ನೇ ಕಂಡು ಒನಪು ಎಂದುಕೊಂಡಿದ್ದೆನಲ್ಲ!

ಯಾರಿಗೂ ಹೇಳದ ಒಂದು ಮಾತಿದೆ. ನಿನ್ನ ಗಂಡ ಕೊನೆಯ ಬಾರಿ ಮನೆಯಿಂದ ಹೊರಟ ಬೆಳಿಗ್ಗೆ ಎದೆ ನೀವಿಕೊಳ್ಳುತ್ತ "ಅಪ್ಪಾ, ಯಾಕೋ ಸರಿ ಇಲ್ಲ" ಎಂದಿದ್ದ. "ಮೂವತ್ತಾರಕ್ಕೇ ಮುದುಕನಾದ್ಯಾ?" ಎಂದೆ. ನಕ್ಕು ಷೂ ಕಟ್ಟಿಕೊಂಡು ಹೊರಟ, ಜೀವಂತ ಮರಳಲಿಲ್ಲ. ಆ ವಾದವನ್ನೂ ಗೆದ್ದವನು ನಾನೇ.

ನೀನು ರದ್ದುಮಾಡಿದ ದಿನಾಂಕ ನಾಳೆ ಮಧ್ಯಾಹ್ನದವರೆಗೆ ಖಾಲಿಯಿರುತ್ತದೆಂದು ಆಸ್ಪತ್ರೆಯವರು ಹೇಳಿದರು. ನಾನು ಕಾದಿರಿಸಲಿಲ್ಲ, ಮೈ ನಿನ್ನದು, ನಿರ್ಧಾರವೂ ನಿನ್ನದೇ. ಹೋಗುವುದಾದರೆ ಆರು ವಾರ ನೀನು ಭಾರ ಎತ್ತುವಂತಿಲ್ಲ. ಮಕ್ಕಳಿಬ್ಬರನ್ನೂ ನಾನು ಎತ್ತುತ್ತೇನೆ. ಬೇಡವೆನ್ನುವುದಾದರೆ ಕಾರಣ ನಿನ್ನದಿರಲಿ, ನನ್ನ ಆ ಹೊಲಸು ಮಾತಲ್ಲ. ಅದಕ್ಕೆ ಕ್ಷಮೆ ಕೇಳುತ್ತೇನೆ. ಮಗನಲ್ಲಿ ಕೇಳಲು ನನಗೆ ವೇಳೆ ಸಿಗಲಿಲ್ಲ.

ನೋವಿಲ್ಲದ ದೀರ್ಘಾಯುಷ್ಯ ನಿನ್ನದಾಗಲಿ, ಮಗಳೇ.

ಇಂತಿ,
ನಿನ್ನ ಮುಂದೆ ಸೋಲೊಪ್ಪಿದ
ಮಾವ