ಬಿಳಿ ಗುರುತಿನ ತೊಲೆ

ಇಂಜಿನ್ ಶೆಡ್ಡಿನ ಹಿಂದೆ, ಕೆಲಸಗಾರರ ಕೋಣೆ
ನವೆಂಬರ್ ೧೧, ಮಂಗಳವಾರ

ಪ್ರೀತಿಯ ಭಾವ,

ಬೆನ್ನು ಹೇಗಿದೆ? ಮಗ್ಗುಲು ಬದಲಾಯಿಸೋವಾಗ ಈಗಲೂ ಅಷ್ಟೇ ನೋವಾ? ಬಲಗಾಲಿನ ಹೆಬ್ಬೆರಳು ಅಲ್ಲಾಡ್ತು ಅಂತ ಅಕ್ಕ ಫೋನಲ್ಲಿ ಹೇಳಿದಾಗ ಊಟದ ತಟ್ಟೆ ಹಿಡ್ಕೊಂಡು ಹಾಗೇ ನಿಂತುಬಿಟ್ಟೆ. ಎಡಗಾಲಿನ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಪುಟ್ಟಿ ಹಾಸಿಗೆ ಹತ್ತಿ ಕುಣಿಯೋಕೆ ಬಂದ್ರೆ ಮುಲಾಜಿಲ್ಲದೆ ಗದರಿಸಿ, ಮಾವ ಬಂದಮೇಲೆ ಕುಣಿಸ್ತಾನೆ ಅನ್ನಿ. ಕೂತು ಬರೆಯೋ ಜಾಯಮಾನ ನಂದಲ್ಲ, ನಿಮಗೆ ಗೊತ್ತು. ಕೆಲಸ ಮುಗಿಸಿ ಬಂದು, ಮೆಟ್ಟಿಲು ಹತ್ತಿ ಇಳೀತಾ ಫೋನಿಗೆ ಹೇಳ್ತಿದೀನಿ, ಅದೇ ಅಕ್ಷರ ಮಾಡ್ಕೊಡುತ್ತೆ. ಅಕ್ಕ ಓದಿ ಹೇಳಲಿ. ತಪ್ಪು ಬಿದ್ದಿದ್ರೆ ಫೋನಿಂದು, ಬೈಗುಳ ಬಿದ್ದಿದ್ರೆ ನಂದು.

ನೀವು ಬಿದ್ದಮೇಲೆ ಈ ಐದು ವಾರದಲ್ಲಿ ಶೆಡ್ಡು ಗುರುತೇ ಸಿಗದ ಹಾಗಾಗಿದೆ. ಹಿಂದೆ ರೈಲಿನೋರು ಇಂಜಿನ್ ಕೆಳಗೆ ನುಗ್ಗಿ ರಿಪೇರಿ ಮಾಡ್ತಿದ್ರಲ್ಲ, ಆ ಉದ್ದದ ಗುಂಡಿಗಳನ್ನ ಮುಚ್ಚಲಿಲ್ಲ, ಮಳೆನೀರು ತುಂಬೋ ತೊಟ್ಟಿ ಮಾಡಿದ್ರು. ಹೊಗೆ ಹೋಗೋ ಕಿಂಡಿಗಳಿಗೆ ಗಾಜು ಕೂರಿಸಿದಾರೆ, ಹಗಲು ಹೊತ್ತು ದೀಪವೇ ಬೇಡ. ಕೆಳಗೆ ಅಂಗಡಿ ಸಾಲು, ಒಂದು ವಾಚನಾಲಯ, ಮಧ್ಯದಲ್ಲಿ ಆಫೀಸುಗಳು, ಮೇಲೆ ಹನ್ನೆರಡು ಮನೆ. ನಾವು ಬೇಸಿಗೆಯಿಡೀ ಗಾರೆ ಕೆರೆದು ಪೇರಿಸಿದ ಇಟ್ಟಿಗೆಗಳೇ ಮತ್ತೆ ಗೋಡೆಗೆ ಹೋದ್ವು. ಚೆನ್ನಾಗಿದೆ ಭಾವ, ಸುಳ್ಳು ಯಾಕೆ ಹೇಳ್ಲಿ. ಗೇಟಿನ ಬೋರ್ಡಿನಲ್ಲಿ ಉಳಿಸಿದ ಹಳೇ ಮರ ನೂರಕ್ಕೆ ಎಪ್ಪತ್ತೊಂದು ಅಂತ ಬರೆದಿದಾರೆ. ನೋಡೋಕೆ ಬಂದೋರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸ್ಕೋತಾರೆ. ನಿಮ್ಮ ಜೊತೆ ಕೆಳಗೆ ಬಂತಲ್ಲ ಆ ತೊಲೆ, ಅದರಲ್ಲಿ ಗಟ್ಟಿ ಇದ್ದ ಭಾಗ ಕೊಯ್ದು ಬೆಂಚು ಮಾಡಿ ಟೀ ಅಂಗಡಿ ಮುಂದೆ ಹಾಕಿದಾರೆ. ಕಟ್ಟಡದ ನಕ್ಷೆ ಹಾಕಿದ ಮೇಡಂ ಅದನ್ನ ಸವರಿ ಸವರಿ ನೋಡಿದ್ರು. ಗೋಡೆಯೊಳಗೆ ಹೂತಿದ್ದ ತುದಿ ಎಲ್ಲಿ ಹೋಯ್ತು ಅಂತ ಮಾತ್ರ ಯಾರೂ ಕೇಳಲಿಲ್ಲ. ನಾನು ಆ ಬೆಂಚಿನ ಮೇಲೆ ಕೂರಲ್ಲ. ಪೇಂಟರಣ್ಣ ದಿನಾ ರೇಗಿಸ್ತಾನೆ, ಏನಯ್ಯಾ ನಿಂತೇ ಟೀ ಕುಡೀತಿ, ಮೂಲವ್ಯಾಧಿನಾ ಅಂತ. ಹೂಂ ಅಂತೀನಿ, ಇನ್ನೇನು ಹೇಳ್ಲಿ.

ಗುರುವಾರ ಹತ್ತು ಗಂಟೆಗೆ ವಿಚಾರಣೆ. ಕಾರ್ಮಿಕ ಇಲಾಖೆಯಿಂದ ಒಬ್ಬ ಮೇಡಂ ಬರ್ತಾರೆ. ನೀವು ಬಿದ್ದಾಗ ಕೆಳಗೆ ನಿಂತಿದ್ದವನು ನಾನೊಬ್ಬನೇ, ಅದಕ್ಕೆ ನನ್ನನ್ನೂ ಕರೆದಿದಾರೆ. ಸೂಪರ್‌ವೈಸರ್ ಕೊಟ್ಟ ವರದಿ ನಾನು ನೋಡಿದೆ. ಬಡಗಿ ಅಜಾಗರೂಕತೆಯಿಂದ ಕಾಲು ಜಾರಿಸ್ಕೊಂಡ, ಬಿದ್ದ ಜೋರಿಗೆ ತೊಲೆಗೆ ಕಟ್ಟಿದ್ದ ಸೇಫ್ಟಿ ಬೆಲ್ಟಿನ ಹಗ್ಗ ಜಗ್ಗಿ ತೊಲೆ ಮುರೀತು, ಇಷ್ಟೇ ಇರೋದು. ಅದೇ ನಿಂತರೆ ಆಸ್ಪತ್ರೆ, ಮುಂದಿನ ಆಪರೇಷನ್ನು, ಎಲ್ಲಾ ನಿಮ್ಮ ತಲೆ ಮೇಲೆ, ಅಕ್ಕನ ತಲೆ ಮೇಲೆ. ನೀವೂ ಆಸ್ಪತ್ರೇಲಿ ಅದನ್ನೇ ಹೇಳಿದ್ರಲ್ಲ ಭಾವ. ಪೊಲೀಸಿನವನು ಪೆನ್ನು ಹಿಡಿದು ನಿಂತಿದ್ದ, ನಿಮಗೆ ಸರಿಯಾಗಿ ಪ್ರಜ್ಞೆ ಕೂಡ ಇರಲಿಲ್ಲ. "ನಮ್ಮ ಹುಡುಗ ಬಿಳಿ ಗುರುತು ಹಾಕಿದ್ದ ಸಾರ್, ಅಂದಮೇಲೆ ತೊಲೆ ಗಟ್ಟಿಯಿತ್ತು. ನನ್ನ ಕಾಲೇ ಜಾರಿರಬೇಕು" ಅಂದ್ರಿ. ನಾನು ಗ್ಲೂಕೋಸ್ ಬಾಟ್ಲಿ ನೋಡ್ತಾ ನಿಂತಿದ್ದೆ. ಅಲ್ಲಿಂದೀಚೆಗೆ ಅದೇ ಮಾತು ಕಿವೀಲಿ ಕೂತಿದೆ.

ಈ ಕಿವಿಗೆ ಕೆಲಸ ಕೊಡಿಸಿದ್ದೂ ನೀವೇ. ನನಗೆ ಬಾವಲಿ ಅಂತ ಹೆಸರಿಟ್ಟು, ನಮ್ಮ ಬಾವಲಿಗೆ ಎರಡು ಗೋಡೆ ಆಚೆ ಪಿಸುಗುಟ್ಟಿದ್ದೂ ಕೇಳುತ್ತೆ, ಅವನಿಗೆ ಸುತ್ತಿಗೆ ಕೊಟ್ಟು ನೋಡಿ ಅಂತ ಮೇಸ್ತ್ರಿ ಹತ್ರ ಜಂಬ ಕೊಚ್ಚಿದ್ರಿ. ಮರ ಕೊರೆದು ನೋಡೋ ಮಿಷನ್ನು ಒಂದೇ ಇತ್ತು, ಅದೂ ವಾರಕ್ಕೆರಡು ದಿನ ಕೆಟ್ಟಿರ್ತಿತ್ತು. ಉಳಿದದ್ದೆಲ್ಲ ನನ್ನ ಸುತ್ತಿಗೆ ಮೇಲೆ. ಠಣ್ ಅಂದ್ರೆ ಮರ ಗಟ್ಟಿ, ಬಿಳಿ ಗುರುತು, ಮತ್ತೆ ಮೇಲೇರಿಸೋದು. ದಬ್ ಅಂದ್ರೆ ಒಳಗೆ ಕೊಳೆತಿದೆ, ಕೆಂಪು, ತೆಗೆದು ಹಾಕೋದು. ಆ ತಿಂಗಳು ಕೆಂಪು ಜಾಸ್ತಿ ಆಯ್ತು. ಬೋರ್ಡಿನ ಸಂಖ್ಯೆ ಅರವತ್ತರ ಹತ್ರಾನೇ ನಿಂತಿತ್ತು, ಕಟ್ಟಡ ನೋಡೋಕೆ ದೊಡ್ಡವರು ಬರೋದಿತ್ತು. ಸೂಪರ್‌ವೈಸರ್ ಬಂದು ಹೆಗಲ ಮೇಲೆ ಕೈ ಹಾಕಿ, ನಿನ್ನ ಕಿವಿಗೆ ನೆಗಡಿಯಾಗಿದೆ ಕಣೋ, ಇನ್ನೊಂದ್ಸಲ ಬಡಿದು ನೋಡು ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಿನ್ನೆ ಅವನೇ ಮತ್ತೆ ಬಂದಿದ್ದ. ಮುಂದಿನ ಶೆಡ್ಡಿಗೆ ಮರ ತಪಾಸಣೆ ಪೂರ್ತಿ ನಿಂದೇ, ಗುರುವಾರ ಕಾಲು ಜಾರಿದ್ದು ಕಂಡೆ ಅಂದ್ರೆ ಸಾಕು, ನಿಮ್ಮ ಭಾವನೇ ಒಪ್ಕೊಂಡಿದಾನಲ್ಲ ಅಂದ. ಊಟ ಸೇರ್ತಿಲ್ಲ. ಅಷ್ಟು ಬಿಟ್ರೆ ಆರಾಮಾಗಿದೀನಿ.

ಮಾತ್ರೆ ತಪ್ಪಿಸ್ಬೇಡಿ. ಅಕ್ಕ, ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಅವರನ್ನ ಒಬ್ಬಳೇ ಎತ್ತೋಕೆ ಹೋಗಿ ನಿನ್ನ ಸೊಂಟ ಮುರ್ಕೋಬೇಡ, ಪಕ್ಕದ ಮನೆಯವರನ್ನ ಕರಿ. ಪುಟ್ಟಿಗೆ ಎರಡು ಮುತ್ತು. ಭಾವ, ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಬಾಮೈದ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಅಕ್ಕ, ಇದನ್ನೂ ಜೋರಾಗಿ ಓದು, ಮಧ್ಯದಲ್ಲಿ ನಿಲ್ಲಿಸ್ಬೇಡ. ಭಾವ, ಆ ತೊಲೆಯ ಗೋಡೆ ಕಡೆ ತುದಿಗೆ ನಾನು ಮೂರು ಸಲ ಬಡಿದೆ, ಮೂರು ಸಲವೂ ದಬ್ ಅಂತು. ಸೂಪರ್‌ವೈಸರ್ ಅಲ್ಲೇ ನಿಂತಿದ್ದ. ಆಮೇಲೆ ನಡುವಿಗೆ ಹೋಗಿ ಬಡಿದೆ. ನಡು ಗಟ್ಟಿಯಿತ್ತು, ಠಣ್ ಅಂತು, ಬಿಳಿ ಗುರುತು ಹಾಕಿದೆ. ಗೋಡೆಯೊಳಗಿನ ತುದಿ ಕೊಳೆತಿದ್ರೂ ನಡು ಬಡಿದ್ರೆ ಠಣ್ ಅನ್ನುತ್ತೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅವತ್ತು ಮೊದಲು ಕೇಳಿದ್ದು ತೊಲೆ ಮುರಿದ ಸದ್ದು, ನೀವು ಕೂಗಿದ್ದು ಆಮೇಲೆ. ನಿಮ್ಮ ಕಾಲು ಜಾರಲಿಲ್ಲ. ಅದೇ ಥರ ನಾನು ಬಿಳಿ ಹಾಕಿದ್ದು ಇನ್ನೂ ನಾಲ್ಕು ತೊಲೆ ಆ ಹನ್ನೆರಡು ಮನೆಗಳ ಮೇಲಿವೆ, ಅವುಗಳ ನಂಬರ್ ಬರೆದಿಟ್ಕೊಂಡಿದೀನಿ. ಗುರುವಾರ ಎಲ್ಲಾ ಹೇಳ್ತೀನಿ, ಆಮೇಲೆ ನನ್ನನ್ನ ಏನು ಮಾಡ್ತಾರೋ ಮಾಡ್ಲಿ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಮೊದಲೇ ಹೇಳ್ದೆ. ನಾಳೆ ಕಂಪನಿಯವನು ಕಾಗದ ಹಿಡ್ಕೊಂಡು ಮನೆಗೆ ಬರ್ತಾನೆ, ಕಾಲು ಜಾರಿತು ಅಂತ ಬರೆದಿರುತ್ತೆ. ನನ್ನ ಮುಖ ನೋಡ್ಬೇಕು ಅನ್ನಿಸದಿದ್ರೆ ನೋಡ್ಬೇಡಿ ಭಾವ, ಫೋನೂ ಮಾಡ್ಬೇಡಿ. ಆ ಕಾಗದಕ್ಕೆ ಮಾತ್ರ ರುಜು ಹಾಕ್ಬೇಡಿ.